15 ಬೈಟ್‌ಗಳಲ್ಲಿ ಡೊಂಬಿವಲಿ

ಲಿನಕ್ಸ್‌ನಲ್ಲಿ ಓಡುವ ಪ್ರತಿ ಥ್ರೆಡ್‌ಗೂ ಹೆಸರಿಡಬಹುದು. ಅದಕ್ಕೆಂದು ಕರ್ನಲ್ ಮೀಸಲಿಟ್ಟಿರುವುದು 16 ಬೈಟ್. ಒಂದು ಬೈಟ್ ಸ್ಟ್ರಿಂಗ್ ಮುಗಿಯಿತೆಂದು ಸೂಚಿಸುವ ಸೊನ್ನೆಗೆ ಹೋದರೆ ಹೆಸರಿಗೆ ಉಳಿಯುವುದು 15. ನಮ್ಮ ಊರುಗಳ ಹೆಸರನ್ನು ಅಲ್ಲಿ ಕನ್ನಡದಲ್ಲೇ ಇಟ್ಟು ನೋಡೋಣ.

ಯುಟಿಎಫ್-8ರಲ್ಲಿ ವ್ಯಂಜನಕ್ಕೆ 3 ಬೈಟ್, ಗುಣಿತದ ಚಿಹ್ನೆಗೆ 3, ಅನುಸ್ವಾರಕ್ಕೆ 3. ‘ಥಾಣೆ’ 12 ಬೈಟ್, ಸರಾಗವಾಗಿ ಹಿಡಿಸುತ್ತದೆ. ‘ಕಲ್ಯಾಣ್’ 21, ‘ಕಲ್ಯಾ’ ಎಂದು ತುಂಡಾಗುತ್ತದೆ. ‘ಡೊಂಬಿವಲಿ’ 24, ಉಳಿಯುವುದು ‘ಡೊಂಬಿ’. ‘ನವಿ ಮುಂಬಯಿ’ಯ ಪಾಡು ಇನ್ನೂ ಕಷ್ಟ. ‘ನವಿ’, ನಡುವಿನ ಖಾಲಿ ಜಾಗ, ‘ಮ’ ಸೇರಿ 13 ಬೈಟ್. ಮುಂದಿನ ಉಕಾರದ ಕೊಂಬಿನ 3 ಬೈಟ್‌ಗಳಲ್ಲಿ 2 ಮಾತ್ರ ಒಳಗೆ ಹೋಗುತ್ತವೆ. ಆ ಚೂರು ಯಾವ ಭಾಷೆಯ ಅಕ್ಷರವೂ ಅಲ್ಲ.

ಮಿತಿ ಇರುವುದೇ ತಪ್ಪೆಂದು ನಾನು ಹೇಳುವುದಿಲ್ಲ. 1988ರ ಮೋರಿಸ್ ವರ್ಮ್ ಯುನಿಕ್ಸ್ ಯಂತ್ರಗಳೊಳಗೆ ನುಗ್ಗಿದ ದಾರಿಗಳಲ್ಲಿ ಒಂದು, ‘ಫಿಂಗರ್’ ಸೇವೆಯ 512 ಬೈಟ್‌ಗಳ ಬಫರ್. ಅದನ್ನು ತುಂಬುತ್ತಿದ್ದ ‘ಗೆಟ್ಸ್’ ಫಂಕ್ಷನ್‌ಗೆ ಉದ್ದದ ಅರಿವೇ ಇರಲಿಲ್ಲ. 2011ರ ಸಿ ಭಾಷೆಯ ಮಾನಕ ‘ಗೆಟ್ಸ್’ ಅನ್ನು ಕೈಬಿಟ್ಟಿತು. ಹೊರಗಿನಿಂದ ಬರುವ ಸ್ಟ್ರಿಂಗ್ ಎಷ್ಟುದ್ದವಿದ್ದೀತೆಂದು ಕರ್ನಲ್ ನಂಬಿ ಕೂರುವಂತಿಲ್ಲ. ಅಳೆದೇ ಒಳಗೆ ಬಿಡಬೇಕು.

ನನ್ನ ತಕರಾರು ಸದ್ದಿಲ್ಲದ ಕತ್ತರಿಯ ಬಗ್ಗೆ. ‘ಪಿಆರ್‌ಸಿಟಿಎಲ್’ ಕರೆಯ ಮೂಲಕ ಹೆಸರಿಟ್ಟರೆ, ಹೆಚ್ಚಾದದ್ದನ್ನು ಕತ್ತರಿಸಿ ‘ಯಶಸ್ವಿ’ ಎಂದೇ ಉತ್ತರಿಸುತ್ತದೆ. ಅದೇ ಕೆಲಸಕ್ಕಿರುವ ‘ಪಿಥ್ರೆಡ್_ಸೆಟ್‌ನೇಮ್_ಎನ್‌ಪಿ’ ಉದ್ದ ಮೀರಿದರೆ ‘ಇರೇಂಜ್’ ದೋಷ ಕೊಟ್ಟು ನಿರಾಕರಿಸುತ್ತದೆ. ನನ್ನ ಮೆಚ್ಚುಗೆ ಎರಡನೆಯದಕ್ಕೆ.

ಫೈಲ್ ಹೆಸರಿನಲ್ಲೂ ಲಿನಕ್ಸ್ ನೇರ: 255 ಬೈಟ್, ಅಂದರೆ ಕನ್ನಡದ 85 ಸಂಕೇತ. ದಾಟಿದರೆ ‘ಹೆಸರು ತೀರಾ ಉದ್ದವಾಯಿತು’ ಎಂಬ ದೋಷ ಬರುತ್ತದೆ. ವಿಂಡೋಸ್‌ನ ಎನ್‌ಟಿಎಫ್‌ಎಸ್‌ನಲ್ಲೂ ಮಿತಿ 255, ಆದರೆ ಎಣಿಸುವುದು 16 ಬಿಟ್‌ಗಳ ಘಟಕಗಳನ್ನು. ಕನ್ನಡದ ಒಂದು ಸಂಕೇತಕ್ಕೆ ಒಂದೇ ಘಟಕ. ಹಾಗಾಗಿ ಅಲ್ಲಿ ಸಲೀಸಾಗಿ ಕೂತ 100 ಸಂಕೇತಗಳ ಹೆಸರು ಲಿನಕ್ಸ್‌ನ ಇಎಕ್ಸ್‌ಟಿ4ಕ್ಕೆ ಬಂದಾಗ 300 ಬೈಟ್ ಆಗಿ ತಿರಸ್ಕೃತವಾಗುತ್ತದೆ. ವಿಂಡೋಸ್‌ಗೆ ಬೇರೊಂದು ಇಕ್ಕಟ್ಟು: ಇಡೀ ಪಾತ್‌ಗೆ 260ರ ಹಳೆಯ ಮಿತಿ. ಒಪ್ಪಿಗೆ ಸೂಚಿಸಿದ ಪ್ರೋಗ್ರಾಮುಗಳಿಗೆ ಅದನ್ನು ಸಡಿಲಿಸುವ ಆಯ್ಕೆ 2016ರಲ್ಲಿ, ವಿಂಡೋಸ್ 10ರ 1607ನೇ ಆವೃತ್ತಿಯೊಂದಿಗೆ ಬಂತು.

ಐರೋಲಿ, ಮಹಾಪೆಯ ಕಚೇರಿಗಳಲ್ಲಿ ಕೋಡ್ ಬರೆಯುವ ಗೆಳೆಯರಲ್ಲಿ ನನ್ನ ಕೋರಿಕೆ ಇಷ್ಟೆ. ಅಕ್ಷರ ಎಣಿಸಿ ಬೈಟ್‌ಗಳ ಜಾಗ ಗೊತ್ತುಮಾಡಬೇಡಿ. ‘ಸ್ಟ್ರ್ಎಲ್‌ಸಿಪಿವೈ’ ನಕಲು ಮಾಡಿದ ಮೇಲೆ ಮೂಲ ಸ್ಟ್ರಿಂಗಿನ ಪೂರ್ತಿ ಉದ್ದವನ್ನು ಹಿಂದಿರುಗಿಸುತ್ತದೆ. ಅದು ಬಫರ್‌ನ ಅಳತೆಯಷ್ಟೋ ಹೆಚ್ಚೋ ಇದ್ದರೆ ಹೆಸರು ತುಂಡಾಗಿದೆ ಎಂದರ್ಥ. ಆ ಸಂಖ್ಯೆಯನ್ನು ನೋಡದೆ ಮುಂದೆ ಹೋಗಬೇಡಿ. ಕತ್ತರಿಸಲೇಬೇಕಾದರೆ ಐಸಿಯು ಲೈಬ್ರರಿ ತೋರಿಸುವ ಅಕ್ಷರದ ಗಡಿಯಲ್ಲಿ ಕತ್ತರಿಸಿ, ಕತ್ತರಿಸಿದ್ದನ್ನು ಬಳಸುವವರಿಗೆ ತಿಳಿಸಿ.