ಮೇಳವಿಲ್ಲದ ಕಂಠ

ಅಮೇರಿಕದ ಗಾಯಕ ಕ್ರಿಸ್ ಕಾರ್ನೆಲ್‌ನ ‘ಸಾಂಗ್‌ಬುಕ್’ ಎಂಬ ಧ್ವನಿಮುದ್ರಿಕೆಯು 2011ರಲ್ಲಿ ಹೊರಬಂದಿತು. ಅದೇ ವರ್ಷ ಆತನು ಗಿಟಾರೊಂದನ್ನೇ ಸಂಗಡವಿಟ್ಟುಕೊಂಡು ಊರೂರುಗಳಲ್ಲಿ ನಡೆಯಿಸಿದ ಕಚೇರಿಗಳಿಂದ ಇದರ ಹಾಡುಗಳನ್ನು ಬಹುಮಟ್ಟಿಗೆ ಆಯ್ದಿದೆ. 1984ರಲ್ಲಿ ಸಿಯಾಟಲ್ ನಗರದಲ್ಲಿ ಹುಟ್ಟಿದ ಸೌಂಡ್‌ಗಾರ್ಡನ್ ಎಂಬ ರಾಕ್ ಮೇಳಕ್ಕೆ ಈತನೇ ಮುಂದಾಳು; 1997ರಲ್ಲಿ ಅದು ಒಡೆದ ಮೇಲೆ ಕೆಲಕಾಲ ಆಡಿಯೊಸ್ಲೇವ್ ಮೇಳದಲ್ಲಿ ಹಾಡಿದನು. 2010ರಲ್ಲಿ ಹಳೆಯ ಸಂಗಡಿಗರು ಮತ್ತೆ ಕೂಡಿದ್ದರಾದರೂ ಈ ಕಚೇರಿಗಳಲ್ಲಿ ಅವರ ನೆರವಿಲ್ಲ.

ಅಬ್ಬರವನ್ನು ಕಳೆದರೆ ರಾಕ್ ಸಂಗೀತದಲ್ಲಿ ಉಳಿಯುವುದೇನು ಎಂದು ಕೇಳುವವರುಂಟು. ಪ್ರಶ್ನೆಯು ನ್ಯಾಯವಾದುದೇ. ಉತ್ತರವು ಹಾಡಿನಿಂದ ಹಾಡಿಗೆ ಬೇರೆಯಾಗುವುದೇ ಈ ಸಂಗ್ರಹದ ಸ್ವಾರಸ್ಯ. 1994ರ ‘ಬ್ಲ್ಯಾಕ್ ಹೋಲ್ ಸನ್’ ಹಾಡಿನ ಮೂಲದಲ್ಲಿ, ತಿರುಗುವ ಧ್ವನಿವರ್ಧಕದ ಮೂಲಕ ಹಾಯ್ದು ಬರುವ ಗಿಟಾರಿನ ನಾದವು ನೀರಿನ ಮೇಲಣ ಬಿಸಿಲಿನಂತೆ ಅಲುಗುತ್ತದೆ. ಪಲ್ಲವಿಗೆ ಬರುವಾಗ ಮೇಳವೆಲ್ಲವೂ ಒಮ್ಮೆಗೇ ಮೈಮೇಲೆ ಬೀಳುತ್ತದೆ. ಇಲ್ಲಿ ಅವೆರಡೂ ಇಲ್ಲ. ಆದುದರಿಂದಲೇ ಒಂದು ನೆಲೆಯಲ್ಲಿ ನಿಲ್ಲದೆ ಜಾರುವ ಸ್ವರಗಳ ವಿಲಕ್ಷಣವಾದ ನಡಿಗೆಯು ಕಿವಿಗೆ ತಾನಾಗಿ ದೊರೆಯುತ್ತದೆ. ‘ಫೆಲ್ ಆನ್ ಬ್ಲ್ಯಾಕ್ ಡೇಸ್’ ಹಾಡಿನ ವಸ್ತು, ಕಾರಣ ತೋರದೆ ಕವಿಯುವ ವಿಷಾದ. ಆರೆಣಿಕೆಯ ಅದರ ತಾಳವನ್ನು ಗಾಯಕನ ಬಲಗೈಯೊಂದೇ ಹೊತ್ತುಕೊಂಡು ಹೋಗುತ್ತದೆ. (ಮೇಳದ ಮೊದಲ ದಿನಗಳಲ್ಲಿ ಈತನೇ ಡ್ರಮ್ ಬಾರಿಸುತ್ತ ಹಾಡುತ್ತಿದ್ದನು.) ಮೊದಲು ವಾದ್ಯಗಳನ್ನು ಸೀಳಿಕೊಂಡು ಬರಬೇಕಾಗಿದ್ದ ಕಂಠವು ಈಗ ಮಂದ್ರಕ್ಕಿಳಿದು ಮಾತಿನ ಹತ್ತಿರ ನಿಲ್ಲಬಲ್ಲದು, ಅದರ ಒರಟುತನವೂ ಉಸಿರೂ ಮರೆಯಾಗುವುದಿಲ್ಲ.

ನಷ್ಟವೂ ಇಲ್ಲದಿಲ್ಲ. ‘ಲೈಕ್ ಎ ಸ್ಟೋನ್’ ಹಾಡಿನ ನಡುವೆ ಟಾಮ್ ಮೊರೆಲ್ಲೊ ನುಡಿಸಿದ್ದ ತನಿವಾದನವು ಸಾಹಿತ್ಯವು ಹೇಳದುದನ್ನು ಹೇಳುತ್ತಿತ್ತು. ಅದಕ್ಕೆ ಸಮನಾದುದು ಇಲ್ಲಿ ಒದಗಿಲ್ಲ. ಜಾನ್ ಲೆನನ್‌ನ ‘ಇಮ್ಯಾಜಿನ್’ ಅಂತೂ ಸಭೆಯ ಚಪ್ಪಾಳೆಗಾಗಿ ಸೇರಿಸಿದಂತೆ ತೋರುತ್ತದೆ. ಮೊದಲೇ ಹಗುರವಾದ ಹಾಡಿನಿಂದ ಕಳಚುವುದೇನು? ಬೇರೆ ಬೇರೆ ರಾತ್ರಿಗಳ ಹಾಡುಗಳನ್ನು ಪೋಣಿಸಿರುವುದರಿಂದ, ಒಂದೇ ಕಚೇರಿಯು ಮೆಲ್ಲಮೆಲ್ಲನೆ ಕಾವೇರುವ ಸುಖವೂ ಕೇಳುಗನಿಗಿಲ್ಲ.

ಕಾರ್ನೆಲ್ 2017ರ ಮೇ 18ರಂದು ಡೆಟ್ರಾಯಿಟ್ ನಗರದಲ್ಲಿ ತೀರಿಕೊಂಡನು. ಅಂದಿನಿಂದ ಈ ಹಾಡುಗಳಲ್ಲಿ ಸಾವಿನ ಮುನ್ಸೂಚನೆಯನ್ನು ಹುಡುಕುವವರು ಹೆಚ್ಚಿದ್ದಾರೆ. ಅದು ಅನುಕಂಪವಾದೀತು, ವಿಮರ್ಶೆಯಾಗದು; ಇಪ್ಪತ್ತು ವರ್ಷಗಳಿಗೂ ಹಿಂದೆ ಕಟ್ಟಿದ ಹಾಡಿಗೆ ಅದರದೇ ಆದ ಅರ್ಥವಿತ್ತು. ಹೊಸದಾಗಿ ಕೇಳತೊಡಗುವವರು ‘ಐ ಆ್ಯಮ್ ದ ಹೈವೇ’ಯಿಂದ ಆರಂಭಿಸಿ, ಬಳಿಕ ಮೇಳದೊಡನೆ ಹಾಡಿದ ಅದರ 2002ರ ಮುದ್ರಿಕೆಯನ್ನು ಕೇಳುವುದು ಮೇಲು.