ಗುಳೆ ಹೋದವರ ದಾರಿಯಲ್ಲಿ ಪ್ರವಾಸ

ನಮ್ಮ ಅಪ್ಪ ಅವ್ವಂದಿರು ಊರು ಬಿಟ್ಟು ಹೋದರೆ ಅದಕ್ಕೆ ಗುಳೆ ಅಂತಾರೆ. ಸಂಬಳದವರು ಊರು ಬಿಟ್ಟು ಹೋದರೆ ಅದು ಪ್ರವಾಸ. ಕನ್ನಡದಲ್ಲಿ ಪ್ರವಾಸ ಸಾಹಿತ್ಯ ಅನ್ನೋ ಪ್ರಕಾರವೇ ಇದೆ. ಹಡಗು ಹತ್ತಿದವರು, ವಿಮಾನ ಹತ್ತಿದವರು ಪುಸ್ತಕ ಬರೆದರು. ಮೂಟೆ ಹೊತ್ತು ರೈಲಿನ ಬಾಗಿಲಲ್ಲಿ ಕೂತು ಹೋದವರು ಕೂಲಿ ಚೀಟಿಯ ಮೇಲೆ ಹೆಬ್ಬೆಟ್ಟು ಒತ್ತಿದರು. ಅದನ್ನು ಯಾರೂ ಕಥನ ಅಂತ ಕರೆಯಲಿಲ್ಲ.

ಈಗ ಬೇಸಿಗೆ ಬಂತೆಂದರೆ ಪತ್ರಿಕೆಗಳ ಪುರವಣಿಗಳು ಹೊಸ ರುಚಿ ಕಲಿಸುತ್ತಿವೆ. ಗುಡಿ ಗೋಪುರ ನೋಡಿದ್ದು ಸಾಕು, ಊರೂರಿನ ಹಾಡು ಎದುರಿಗೇ ಕೂತು ಕೇಳಿ, ಬೀದಿಗೋಡೆಯ ಚಿತ್ರ ನೋಡಿ, ಮೂಲೆಯ ಪುಸ್ತಕದಂಗಡಿ ಹೊಕ್ಕು ಬನ್ನಿ ಅನ್ನುತ್ತಿವೆ. ಒಳ್ಳೆಯ ಮಾತೇ. ಆದರೆ ಆ ಹಾಡು ಯಾರದ್ದು, ಆ ಗೋಡೆಯ ಹಿಂದೆ ಮಲಗುವವರು ಯಾರು ಎಂದು ಪುರವಣಿ ಕೇಳೋದಿಲ್ಲ. ಅದನ್ನು ಕೇಳಿಕೊಂಡೇ ಕೋಲಾರ ಸೀಮೆಯ ನಾವು ಐದು ಜನ, ಮೂವರು ಮೇಷ್ಟ್ರುಗಳು, ಒಬ್ಬ ವಿದ್ಯಾರ್ಥಿ, ಒಬ್ಬ ಸಂಘಟನೆಯ ಗೆಳೆಯ, ಬಂಗಾರಪೇಟೆಯಲ್ಲಿ ರೈಲು ಹತ್ತಿ ಚೆನ್ನೈಗೆ ಹೋದೆವು.

ಈ ದಾರಿ ಹೊಸದಲ್ಲ. 1880ರಲ್ಲಿ ಜಾನ್ ಟೇಲರ್ ಕಂಪನಿ ಚಿನ್ನದ ಗಣಿ ಹಿಡಿದ ಮೇಲೆ ಉತ್ತರ ಆರ್ಕಾಟಿನ ದಲಿತರು ಇದೇ ಘಟ್ಟ ಹತ್ತಿ ಕೆ.ಜಿ.ಎಫ್.ಗೆ ಬಂದರು. 2001ರಲ್ಲಿ ಗಣಿ ಮುಚ್ಚಿತು. ಅವರ ಮೊಮ್ಮಕ್ಕಳು ಈಗ ನಸುಕಿಗೇ ಎದ್ದು ಬೆಂಗಳೂರಿನ ರೈಲು ಹಿಡಿಯುತ್ತಾರೆ. ಗುಳೆ ನಿಂತಿಲ್ಲ, ದಿಕ್ಕು ಬದಲಾಗಿದೆ ಅಷ್ಟೆ.

ಮೊದಲು ಹಾಡಿನ ಮಾತು. ಏಪ್ರಿಲ್ 14ರ ರಾತ್ರಿ ಉತ್ತರ ಚೆನ್ನೈನ ಒಂದು ಓಣಿಯಲ್ಲಿ ನಿಂತಿದ್ದೆವು. ಬಾಬಾಸಾಹೇಬರ ಪಟದ ಮುಂದೆ ಹುಡುಗರು ಕಾಗದ ಸುಟ್ಟು ಪರೈ ಕಾಯಿಸುತ್ತಿದ್ದರು. ನಮ್ಮ ತಮಟೆಯನ್ನೂ ಹೀಗೇ ಕಾಯಿಸೋದು. ಕಾಯಿಸದಿದ್ದರೆ ಚರ್ಮ ಸಡಿಲ, ದನಿ ಏಳೋದಿಲ್ಲ. ಮೊದಲ ಪೆಟ್ಟು ಬಿದ್ದಾಗ ನಮ್ಮ ಎದೆಯೂ ನಡುಗಿತು. ಭಾಷೆ ಬೇರೆ, ಪೆಟ್ಟು ಒಂದೇ. ಈ ವಾದ್ಯದ ಹೆಸರಿನಿಂದಲೇ ಒಂದು ಜಾತಿಗೆ ಹೆಸರು ಬಂತು. ಆ ಹೆಸರು ಇಂಗ್ಲಿಷಿಗೆ ಹೋಗಿ 'ಪರಯ' ಅಂದರೆ ಹೊರಗಟ್ಟಿದವನು ಎಂದಾಯಿತು. ಒಂದು ವಾದ್ಯವನ್ನು ಲೋಕಕ್ಕೆಲ್ಲ ಬೈಗುಳ ಮಾಡಿದ ದೇಶ ನಮ್ಮದು.

ಆ ಬೈಗುಳವನ್ನು ತಿರುಗಿಸಿ ಹೊಡೆದವರು 'ದಿ ಕ್ಯಾಸ್ಟ್‌ಲೆಸ್ ಕಲೆಕ್ಟಿವ್' ತಂಡದವರು. ನಿರ್ದೇಶಕ ಪಾ. ರಂಜಿತ್ ಮತ್ತು ಸಂಗೀತಗಾರ ತೆನ್ಮಾ ಸೇರಿ ಕಟ್ಟಿದ ಈ ತಂಡ 2018ರ ಜನವರಿಯಲ್ಲಿ ಚೆನ್ನೈನಲ್ಲಿ ಮೊದಲ ಸಲ ವೇದಿಕೆ ಹತ್ತಿತು. ಹೆಸರು ಸುಮ್ಮನೆ ಬಂದದ್ದಲ್ಲ. 'ಜಾತಿಯಿಲ್ಲದ ತಮಿಳರು' ಎಂದು ತನ್ನ ಜನರನ್ನು ಕರೆದ ಪಂಡಿತ ಅಯೋತಿದಾಸರಿಂದ ಬಂದದ್ದು. ಸಾವಿನ ಮನೆಯಲ್ಲಿ ಹಾಡುತ್ತಿದ್ದ ಗಾನಾ ಹಾಡು, ಪರೈ, ಗಿಟಾರು, ರ‍್ಯಾಪ್ ಎಲ್ಲ ಒಂದೇ ವೇದಿಕೆಗೆ ಬಂದವು. ಗಂಡಸರೇ ಹಾಡುತ್ತಿದ್ದ ಗಾನಾವನ್ನು ಇಸೈವಾಣಿ ಹಾಡಿದಳು, 2020ರಲ್ಲಿ ಬಿ.ಬಿ.ಸಿ.ಯ ನೂರು ಮಹಿಳೆಯರ ಪಟ್ಟಿಯಲ್ಲಿ ಅವಳ ಹೆಸರಿತ್ತು. ಡಿಸೆಂಬರಿನ ಸಭಾಗಳಲ್ಲಿ ಮಾತ್ರ ಸಂಗೀತವಿದೆ ಅಂತ ನಂಬಿದ್ದ ಊರಿಗೆ ಇದು ತಕ್ಕ ಉತ್ತರ.

ಆದರೆ ನಾವು ಬರೀ ಚಪ್ಪಾಳೆ ಹೊಡೆಯಲು ಬರೆಯುತ್ತಿಲ್ಲ. ಗಾನಾದ ಜೀವ ಇರೋದು ಅದರ ಕುಹಕದಲ್ಲಿ, ಸಾವಿನೆದುರು ನಿಂತು ನಗುವ ಧೈರ್ಯದಲ್ಲಿ. ಈ ತಂಡದ ಹಾಡು ಆ ನಗೆಯನ್ನು ಹಿಡಿದಾಗ ಕೇಳುವವನ ಮೈ ಬಿಸಿಯಾಗುತ್ತೆ. ಘೋಷಣೆಯನ್ನೇ ತಾಳಕ್ಕೆ ಕೂರಿಸಿದಾಗ ಕಾಯಿಸದ ತಮಟೆಯಂತೆ ಸಡಿಲವಾಗುತ್ತೆ. ಈ ಮಾತು ನಮ್ಮ ಜಾಥಾ ಹಾಡುಗಳಿಗೂ ಸಲ್ಲುತ್ತೆ. ನಲವತ್ತು ವರ್ಷ ಒಂದೇ ನಾಲ್ಕು ಹಾಡು ಹಾಡಿ ಗಂಟಲು ಕಟ್ಟಿಸಿಕೊಂಡವರು ನಾವು.

ಹಾಡು ಗೆದ್ದ ಮೇಲೆ ಏನಾಗುತ್ತೆ ಅನ್ನೋದಕ್ಕೆ 2021ರ 'ಎಂಜಾಯ್ ಎಂಜಾಮಿ' ಸಾಕ್ಷಿ. ಚಹಾ ತೋಟದಲ್ಲಿ ದುಡಿದ ತನ್ನ ಅಜ್ಜಿಯ ಬದುಕಿನಿಂದ ಅರಿವು ಆ ಹಾಡು ಬರೆದು ಹಾಡಿದ. ಅದೇ ವರ್ಷ 'ರೋಲಿಂಗ್ ಸ್ಟೋನ್ ಇಂಡಿಯಾ' ಪತ್ರಿಕೆ ಆ ಹಾಡಿನ ಹೆಸರು ಹೇಳಿ ಮುಖಪುಟ ಮಾಡಿದಾಗ ಅರಿವಿನ ಮುಖ ಮಾತ್ರ ಅದರಲ್ಲಿರಲಿಲ್ಲ. ರಂಜಿತ್ ಬಹಿರಂಗವಾಗಿ ಕೇಳಿದ ಮೇಲೆ, ಗಲಾಟೆ ಆದ ಮೇಲೆ, ಅವನಿಗೆ ಬೇರೆ ಮುಖಪುಟ ಬಂತು. ಬೇಸಾಯ ಒಬ್ಬನದು, ಕಣ ಇನ್ನೊಬ್ಬನದು. ಹಳ್ಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾ?

ಮರುದಿನ ಗೋಡೆ ನೋಡಲು ಕಣ್ಣಗಿ ನಗರಕ್ಕೆ ಹೋದೆವು. ಕಂಪ್ಯೂಟರ್ ಕಂಪನಿಗಳ ಗಾಜಿನ ಕಟ್ಟಡಗಳ ಸಾಲಿನ ಪಕ್ಕದಲ್ಲೇ ಇದೆ. ಕೂವಂ ನದಿಯ ದಂಡೆಯಿಂದ, ಕಡಲ ದಂಡೆಯಿಂದ, ಊರ ನಡುವಿನ ಕೇರಿಗಳಿಂದ ಎಬ್ಬಿಸಿದವರನ್ನು 2000ದ ಹೊತ್ತಿನಿಂದ ತಂದು ಇಲ್ಲಿ ಗುಡ್ಡೆ ಹಾಕಿದರು. ಇಪ್ಪತ್ತು ಸಾವಿರಕ್ಕೂ ಹೆಚ್ಚು ಮನೆಗಳು. 2020ರಲ್ಲಿ 'ಸ್ಟಾರ್ಟ್ ಇಂಡಿಯಾ' ಸಂಸ್ಥೆಯವರು ಒಂದು ಪೇಂಟ್ ಕಂಪನಿಯ ಜೊತೆ ಸೇರಿ ಇಲ್ಲಿನ ಗೋಡೆಗಳ ಮೇಲೆ ಮಾಳಿಗೆ ಎತ್ತರದ ಚಿತ್ರ ಬರೆಸಿದರು. ಇದನ್ನು 'ಕಲಾ ಜಿಲ್ಲೆ' ಅಂತ ಕರೆದರು.

ಚಿತ್ರಗಳು ಚೆನ್ನಾಗಿವೆ. ಸುಳ್ಳು ಹೇಳಬಾರದು. ಗೋಡೆ ತುಂಬ ಆ ಊರಿನದೇ ಮಕ್ಕಳ ನಗು ನೋಡಿದಾಗ ನಾವೂ ನಕ್ಕೆವು, ಫೋಟೋ ಹೊಡೆದೆವು. ನಲ್ಲಿಯ ಹತ್ತಿರ ಕೊಡ ಹಿಡಿದು ನಿಂತಿದ್ದ ತಾಯಿಯೊಬ್ಬಳು ನೀವೂ ಚಿತ್ರ ನೋಡೋಕೆ ಬಂದೋರಾ ಅಂತ ಕೇಳಿದಳು. ಆ 'ನೀವೂ' ನಮಗೆ ಚುಚ್ಚಿತು. ಮನೆಗೆಲಸಕ್ಕೆ ಹಳೇ ಊರಿಗೇ ಎರಡು ಬಸ್ಸು ಹಿಡಿದು ಹೋಗುತ್ತಾಳಂತೆ. ವಿಳಾಸ ಹೇಳಿದರೆ ಕೆಲಸ ಕೊಡೋಕೆ ಹಿಂದೆ ಮುಂದೆ ನೋಡ್ತಿದ್ದರಂತೆ. ಚಿತ್ರ ಬಂದ ಮೇಲೆ ಮಕ್ಕಳು ಊರ ಹೆಸರು ಹೇಳೋಕೆ ಅಷ್ಟು ನಾಚೋದಿಲ್ಲ ಅಂತಲೂ ಅವಳೇ ಹೇಳಿದಳು.

ಇಲ್ಲಿ ನಮ್ಮ ವಿಮರ್ಶೆ ಸ್ವಲ್ಪ ತೊಡರುತ್ತೆ. ಬಣ್ಣ ಬಳಿದು ಬಡತನ ಮುಚ್ಚಿದರು ಅಂತ ಬರೆದು ಮುಗಿಸುವುದು ಸುಲಭ. ಆದರೆ ಮಗುವಿನ ನಾಚಿಕೆ ಕಳೆದದ್ದು ಸಣ್ಣ ಮಾತಲ್ಲ. 2025ರ ಏಷ್ಯನ್ ಯೂತ್ ಗೇಮ್ಸಿನಲ್ಲಿ ಕಬಡ್ಡಿ ಚಿನ್ನ ಗೆದ್ದ ಭಾರತದ ಹುಡುಗಿಯರ ತಂಡದಲ್ಲಿ ಇದೇ ಕಣ್ಣಗಿ ನಗರದವಳೊಬ್ಬಳು ಇದ್ದಳು. ಅದಕ್ಕೂ ಬಣ್ಣಕ್ಕೂ ಸಂಬಂಧವಿಲ್ಲ, ಆಕೆಯ ರಟ್ಟೆಗೆ ಸಂಬಂಧ. ಹಾಗಾಗಿ ನಮ್ಮ ತಕರಾರು ಚಿತ್ರದ ಮೇಲಲ್ಲ. ಗೋಡೆಗೆ ಬಣ್ಣ ತಂದವರು ಗೋಡೆಯ ಒಳಗಿನವರನ್ನು ಇಲ್ಲಿಗೆ ತಂದದ್ದು ಯಾರು ಅನ್ನೋ ಚಿತ್ರ ಬರೆಯಲಿಲ್ಲ. ಬುಲ್ಡೋಜರಿನ ಚಿತ್ರ ಯಾವ ಗೋಡೆಯ ಮೇಲೂ ನಮಗೆ ಕಾಣಲಿಲ್ಲ. ಅಲ್ಲಿನ ಕೊಳೆಗೇರಿ ನಿರ್ಮೂಲನ ಮಂಡಳಿ 2021ರಲ್ಲಿ ನಗರ ವಸತಿ ಅಭಿವೃದ್ಧಿ ಮಂಡಳಿ ಅಂತ ಹೆಸರು ಬದಲಿಸಿಕೊಂಡಿತು. ಅದೂ ಒಂದು ಬಗೆಯ ಬಣ್ಣವೇ. ನಾವು ಕೆಮ್ಮಣ್ಣು, ಸುಣ್ಣ ಕಲಸಿ ರಾತ್ರೋರಾತ್ರಿ ಗೋಡೆ ಬರೆದವರು. ನಮ್ಮ ಅಕ್ಷರ ಸೊಟ್ಟ ಇತ್ತು, ಆದರೆ ಪ್ರಶ್ನೆ ನೆಟ್ಟಗಿತ್ತು.

ಕೊನೆಗೆ ಪುಸ್ತಕ. ಮೌಂಟ್ ರೋಡಿನ ಹಿಗ್ಗಿನ್‌ಬಾಥಮ್ಸ್ 1844ರಿಂದ ಇದೆ. ಅದರ ಮೆಟ್ಟಿಲು ಹತ್ತುವಾಗ ಚಪ್ಪಲಿ ನೋಡಿಕೊಂಡೆವು. ಬಡವರ ಪುಸ್ತಕದಂಗಡಿ ಇದ್ದದ್ದು ಮೂರ್ ಮಾರ್ಕೆಟ್ಟಿನಲ್ಲಿ. 1985ರಲ್ಲಿ ಅದು ಸುಟ್ಟುಹೋಯಿತು. ಹಳೇ ಪುಸ್ತಕದವರು ಈಗ ಸೆಂಟ್ರಲ್ ಸ್ಟೇಷನ್ನಿನ ಪಕ್ಕದ ಅಲ್ಲಿಕುಳಂ ಕಟ್ಟಡದಲ್ಲಿದ್ದಾರೆ. ಎಗ್ಮೋರಿನಲ್ಲಿ 'ನೀಲಂ' ಪುಸ್ತಕದಂಗಡಿ ಇದೆ. ದಲಿತರ ಬರಹಕ್ಕೇ ಮೀಸಲಾದ ಕಪಾಟುಗಳ ನಡುವೆ ಚಪ್ಪಲಿ ನೆನಪಾಗಲಿಲ್ಲ.

ಅಲ್ಲೇ ನಮಗೆ ಕಪಾಳಕ್ಕೆ ಬಿದ್ದಂತಾದದ್ದು. ಅಯೋತಿದಾಸರು 1907ರಲ್ಲಿ 'ಒರು ಪೈಸಾ ತಮಿಳನ್' ಪತ್ರಿಕೆ ಶುರು ಮಾಡಿದರು. ಅವರ ಬರಹಗಳನ್ನು ಪುಸ್ತಕ ಮಾಡಿ ಉಳಿಸಿದ್ದು ಸಿದ್ಧಾರ್ಥ ಪುಸ್ತಕಸಾಲೈ. ಅದು ಇದ್ದದ್ದು ಎಲ್ಲಿ? ನಮ್ಮ ಕೆ.ಜಿ.ಎಫ್.ನಲ್ಲಿ. ಭೂಮಿಯೊಳಗೆ ಇಳಿದು ಕಲ್ಲು ಒಡೆದ ಜನ ಮೇಲೆ ಬಂದು ಅಚ್ಚಿನ ಮೊಳೆ ಜೋಡಿಸಿದ್ದರು, ಬುದ್ಧನನ್ನು ಓದಿದ್ದರು. ಕೋಲಾರದಲ್ಲಿ ಹುಟ್ಟಿ ಮೇಷ್ಟ್ರಾದ ನಮಗೆ ಇದನ್ನು ಹೇಳಿಕೊಡಲು ಚೆನ್ನೈನ ಅಂಗಡಿ ಬೇಕಾಯಿತು. ಕನ್ನಡದ ದಲಿತ ಪ್ರಜ್ಞೆಯ ಚರಿತ್ರೆ ಬರೆಯುವಾಗ ಆ ತಮಿಳು ಪುಟಗಳನ್ನು ನಾವು ಲೆಕ್ಕಕ್ಕೇ ತಗೊಂಡಿಲ್ಲ. ಭಾಷೆಯ ಗಡಿ ಹಾಕಿ ನಮ್ಮವರನ್ನೇ ಹೊರಗಿಟ್ಟೆವು. ಇದು ನಮ್ಮೊಳಗಿನ ಪುರೋಹಿತಶಾಹಿ ಅಲ್ಲದೆ ಮತ್ತೇನು?

ವಾಪಸ್ಸು ಬರುವಾಗ ರೈಲಿನಲ್ಲಿ ನಮ್ಮಲ್ಲೊಬ್ಬ ಮೇಷ್ಟ್ರು ಒಂದು ಮಾತು ಬಾಯಿಬಿಟ್ಟ. ಅವನ ಶಾಲೆಯ ವಾರ್ಷಿಕೋತ್ಸವದಲ್ಲಿ ಜಾನಪದ ನೃತ್ಯ ಇತ್ತು. ಬಾಡಿಗೆ ಪೋಷಾಕು ಹಾಕಿಕೊಂಡು ಊರಿನ ಮಕ್ಕಳು ಪ್ಲಾಸ್ಟಿಕ್ ತಮಟೆ ಹಿಡಿದು ಕುಣಿದರು. ತಮಟೆ ಹೊಡೆಯುವವನ ಮಗ ಹಿಂದಿನ ಸಾಲಿನಲ್ಲಿ ತಲೆ ತಗ್ಗಿಸಿ ಕೂತಿದ್ದ. ಅಪ್ಪನ ಕೆಲಸ ಏನು ಅಂದರೆ ಅವನು ಕೂಲಿ ಅಂತ ಬರೆಸಿದ್ದ. ಮೇಷ್ಟ್ರಿಗೆ ಗೊತ್ತಿತ್ತು, ಸುಮ್ಮನಿದ್ದ. ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ ತಮಟೆಗಾಗಿಯೇ 2023ರಲ್ಲಿ ಪದ್ಮಶ್ರೀ ಬಂತು. ಆ ಸುದ್ದಿಯನ್ನು ತರಗತಿಯಲ್ಲಿ ಓದಿಸಿದ್ದರೂ ಸಾಕಿತ್ತು, ಅದನ್ನೂ ಮಾಡಲಿಲ್ಲ ಎಂದ. ನಾವ್ಯಾರೂ ಅವನನ್ನು ಬೈಯಲಿಲ್ಲ. ನಮ್ಮ ನಮ್ಮ ಶಾಲೆಗಳ ಹಿಂದಿನ ಸಾಲು ನಮಗೂ ನೆನಪಾಗಿತ್ತು.

ಗೆಳೆಯರೇ, ಪ್ರವಾಸ ಹೋಗಿ. ಹಾಡು ಕೇಳಿ, ಗೋಡೆ ನೋಡಿ, ದುಡ್ಡಿದ್ದಷ್ಟು ಪುಸ್ತಕ ಕೊಳ್ಳಿ. ಹೋಗುವ ಮುಂಚೆ ಊರ ಕೇರಿಗೆ ಒಂದು ಸಲ ಹೋಗಿ ತಮಟೆ ಕಾಯಿಸುವುದನ್ನು ನೋಡಿ. ಜೂನ್‌ನಲ್ಲಿ ಶಾಲೆ ತೆರೆದಾಗ ಹಿಂದಿನ ಸಾಲಿನ ಆ ಹುಡುಗ ಬರುತ್ತಾನೆ. ಅವನಿಗೆ ಏನು ಹೇಳುತ್ತೇವೆ ಅನ್ನೋದರ ಮೇಲೆ ನಾವು ಹೋಗಿ ಬಂದದ್ದಕ್ಕೆ ಬೆಲೆ.