ಕಣ್ಣು ಕಂಡದ್ದು, ಕಲ್ಲು ಹೇಳಿದ್ದು

ಸುಮಾರು ಎರಡು ಸಾವಿರ ವರ್ಷಗಳ ಹಿಂದೆ ಗ್ರೀಕ್ ಭಾಷೆಯ ವರ್ತಕನೊಬ್ಬ ಮುಂಬಯಿ ಬಳಿಯ ಕಲ್ಯಾಣದ ಬಗ್ಗೆ ಬರೆದಿಟ್ಟ. ಅವನ ಹೆಸರು ಉಳಿದಿಲ್ಲ. ‘ಎರಿತ್ರಿಯನ್ ಸಮುದ್ರದ ಪೆರಿಪ್ಲಸ್’ ಎಂಬ ಕಿರುಹೊತ್ತಗೆ ಉಳಿದಿದೆ. ಅದರಲ್ಲಿ ಕಲ್ಯಾಣಕ್ಕೆ ಸಿಕ್ಕಿರುವುದು ಒಂದೆರಡು ಸಾಲು ಮಾತ್ರ. ಹಿಂದಿನ ದೊರೆಯ ಕಾಲಕ್ಕೆ ಇದು ಕ್ರಮಬದ್ಧ ಪೇಟೆಯಾಗಿತ್ತು, ಈಗಿನವನ ಕೈಗೆ ಬಂದ ಮೇಲೆ ವ್ಯಾಪಾರಕ್ಕೆ ತಡೆಬಿದ್ದಿದೆ, ಇಲ್ಲಿಗೆ ಬಂದುಬಿಟ್ಟ ಗ್ರೀಕ್ ಹಡಗುಗಳನ್ನು ಕಾವಲು ಹಾಕಿ ಗುಜರಾತಿನ ಭರೂಚಿಗೆ ಕರೆದೊಯ್ಯುತ್ತಾರೆ ಎಂದಷ್ಟೇ ಅವನು ಹೇಳುತ್ತಾನೆ. ತನಗೆ ಹೆದರಿಕೆಯಾಯಿತೆಂದು ಎಲ್ಲೂ ಬರೆಯುವುದಿಲ್ಲ. ಆದರೂ ಹಡಗಿನ ಮೇಲೆ ಏರಿ ನಿಂತ ಆ ಕಾವಲಿನವರ ಬಗ್ಗೆ ಓದಿದ ಕೂಡಲೇ ಸರಕು ತುಂಬಿಕೊಂಡು ಬಂದವನ ಎದೆಬಡಿತ ಕೇಳಿಸುತ್ತದೆ. ಊರಿನ ವರ್ಣನೆಯಲ್ಲಿ ಮಾಹಿತಿಯೂ ಅನುಭವವೂ ಹೀಗೆ ಒಂದರೊಳಗೊಂದು ಸೇರಿಕೊಂಡಾಗ ಸಿಗುವ ರುಚಿಯೇ ಬೇರೆ.

ಹದಿಮೂರನೆಯ ಶತಮಾನದ ಕೊನೆಗೆ ಮಾರ್ಕೊ ಪೋಲೊ ಕಲ್ಯಾಣದ ನೆರೆಯ ಠಾಣೆ ಪಟ್ಟಣದ ಬಗ್ಗೆ ಹೇಳುವುದರಲ್ಲೂ ಈ ರುಚಿ ಇದೆ. ಇಲ್ಲಿಂದ ತೊಗಲು, ಹತ್ತಿಬಟ್ಟೆ ಹೊರಗೆ ಹೋಗುತ್ತವೆ ಎನ್ನುವುದು ಲೆಕ್ಕದ ಪುಸ್ತಕದ ಮಾತು. ಆದರೆ ಅವನು ಅಲ್ಲಿಗೇ ನಿಲ್ಲಿಸುವುದಿಲ್ಲ. ಇಲ್ಲಿನ ಅರಸನಿಗೂ ಕಡಲ್ಗಳ್ಳರಿಗೂ ಒಂದು ಒಪ್ಪಂದವಿದೆ, ಲೂಟಿಯಲ್ಲಿ ಸಿಕ್ಕ ಕುದುರೆಗಳೆಲ್ಲ ಅರಸನಿಗೆ, ಉಳಿದದ್ದು ಕಳ್ಳರಿಗೆ ಎನ್ನುತ್ತಾನೆ. ಕುದುರೆಗಾಗಿ ಕಡಲಾಚೆಗೆ ಕಣ್ಣು ನೆಟ್ಟಿದ್ದ ನಾಡಿನ ಆಸೆ ಆ ಒಂದು ವಿವರದಲ್ಲಿ ತುಂಬಿಕೊಂಡಿದೆ. ಸಂಗತಿಯನ್ನು ಆರಿಸುವುದರಲ್ಲಿಯೇ ಬರೆಯುವವನ ಮನಸ್ಸು ಕಾಣುತ್ತದೆ.

ಇಂದು ಠಾಣೆಯ ಬಗ್ಗೆ ಬರೆಯುವವರೆಲ್ಲ 1853ರ ಏಪ್ರಿಲ್ 16ರಿಂದ ಶುರುಮಾಡುತ್ತಾರೆ. ಮುಂಬಯಿಯ ಬೋರಿಬಂದರಿನಿಂದ ಠಾಣೆಗೆ 34 ಕಿಲೋಮೀಟರು, 14 ಡಬ್ಬಿ, ಸುಮಾರು 400 ಅತಿಥಿಗಳು. ದೇಶದ ಮೊದಲ ಪ್ರಯಾಣಿಕ ರೈಲು. ಎಲ್ಲವೂ ನಿಜ. ಆದರೆ ಇದನ್ನು ಯಾರು ಬರೆದರೂ ಹೀಗೇ ಇರುತ್ತದೆ, ಠಾಣೆಗೆ ಕಾಲಿಡದವರು ಬರೆದರೂ ಕೂಡ. ಮರುವರ್ಷ ಹಳಿ ಖಾಡಿಯನ್ನು, ಅಂದರೆ ಕಡಲ ಹಿನ್ನೀರನ್ನು, ದಾಟಿ ಕಲ್ಯಾಣ ಮುಟ್ಟಿತು. ಸಂಜೆಯ ಲೋಕಲ್ಲಿನಲ್ಲಿ ಹೆಗಲಿಗೆ ಹೆಗಲು ತಾಗಿಸಿ ನಿಂತವರ ಮುಖಕ್ಕೆ ಠಾಣೆ ಬಿಟ್ಟ ಮೇಲೆ ಖಾಡಿಯ ತೇವದ ಗಾಳಿ ಬಡಿಯುತ್ತದೆ. ಮಾತು ಒಂದು ಕ್ಷಣ ನಿಲ್ಲುತ್ತದೆ. ಆ ಗಾಳಿಯ ಪಕ್ಕದಲ್ಲಿ ತಂದಿಟ್ಟರೆ 1854 ಎಂಬ ಇಸವಿಗೆ ಜೀವ ಬರುತ್ತದೆ. ದ್ವೀಪದ ಊರಿನಿಂದ ಹೊರಟ ಬಂಡಿ ನೀರು ದಾಟಿ ಒಳನಾಡಿಗೆ ತೆರೆದುಕೊಂಡ ಜಾಗ ಅದು.

ಅದೇ ಖಾಡಿ ನವಿ ಮುಂಬಯಿಯ ಐರೋಲಿಯ ಕಡೆ ಇನ್ನೊಂದು ಪಾಠ ಹೇಳುತ್ತದೆ. ಚಳಿಗಾಲದಿಂದ ಬೇಸಿಗೆಯವರೆಗೆ ಅಲ್ಲಿ ಫ್ಲೆಮಿಂಗೊಗಳು ಸಾವಿರ ಸಾವಿರವಾಗಿ ಇಳಿಯುತ್ತವೆ. ನೀರು ಇಳಿದ ಕೆಸರಿನ ಮೇಲೆ ತಿಳಿಗುಲಾಬಿಯ ಗೆರೆಯೊಂದು ಎಳೆದಂತಿರುತ್ತದೆ. ಅದರ ಜೊತೆಗೇ ಮೂಗು ಮುಚ್ಚಿಸುವ ಕೊಳಕು ವಾಸನೆ. ಕಣ್ಣಿಗೊಂದು, ಮೂಗಿಗೊಂದು. ಬರೆಯುವವರು ಸಾಮಾನ್ಯವಾಗಿ ವಾಸನೆಯನ್ನು ಕೈಬಿಡುತ್ತಾರೆ. ಆದರೆ ಹಕ್ಕಿಯ ಗುಲಾಬಿ ಬರುವುದು ಅದು ತಿನ್ನುವ ಪಾಚಿಯಂಥ ಸೂಕ್ಷ್ಮಜೀವಿಗಳ ಬಣ್ಣದಿಂದ. ಊರಿನ ಕೊಳಚೆಯ ಸಾರವೇ ಆ ಪಾಚಿಯನ್ನು ಬೆಳೆಸುತ್ತದೆ. ಇದನ್ನು ತಿಳಿದ ಮೇಲೆ ಎರಡು ಅನುಭವಗಳೂ ಒಂದೇ ಕಥೆಯಾಗುತ್ತವೆ. ಅಲ್ಲಿ ನಿಂತಾಗ ಮೂಗಿಗೆ ತಾಗಿದ್ದನ್ನು ಅಳಿಸಿಹಾಕಿದ್ದರೆ ಈ ಬೆರಗು ಕೈತಪ್ಪುತ್ತಿತ್ತು.

ಈ ಸೀಮೆಯಲ್ಲಿ ನನಗೆ ಅತ್ಯಂತ ಪ್ರಿಯವಾದ ಜಾಗ ಅಂಬರನಾಥದ ಶಿವಾಲಯ. ಡೊಂಬಿವಲಿಯಿಂದ ಲೋಕಲ್ ಹಿಡಿದರೆ ಕಲ್ಯಾಣ, ವಿಠ್ಠಲವಾಡಿ, ಉಲ್ಹಾಸನಗರ ದಾಟಿದ ಮೇಲೆ ಬರುವ ಊರು. ಮನೆಗಳ, ಕಾರ್ಖಾನೆಗಳ ಸಂದಣಿಯ ನಡುವೆ ವಾಲಧುನಿ ನದಿಯ ದಂಡೆಯಲ್ಲಿ ಕಪ್ಪು ಬಸಾಲ್ಟ್ ಕಲ್ಲಿನ ಗುಡಿ ಪಶ್ಚಿಮಕ್ಕೆ ಮುಖಮಾಡಿ ಕೂತಿದೆ. ಗೋಡೆ ನೇರವಾಗಿ ಓಡುವುದಿಲ್ಲ. ಮಡಿಚಿ ಮಡಿಚಿ ಹೊರಚಾಚುತ್ತದೆ, ಪ್ರತಿ ಮಡಿಕೆಗೂ ತನ್ನದೇ ನೆರಳು. ಹೊತ್ತು ಸರಿದಂತೆ ಒಂದೊಂದು ಮೂರ್ತಿ ಬೆಳಕಿಗೆ ಬಂದು ಹಿಂದೆ ಸರಿಯುತ್ತದೆ. ಭೂಮಿಜ ಶೈಲಿಯ ಶಿಖರ, ಪುಟ್ಟ ಶಿಖರಗಳ ಸಾಲುಗಳಿಂದ ಕಟ್ಟಿದ್ದು, ಈಗ ಮೇಲ್ಭಾಗವಿಲ್ಲದೆ ನಿಂತಿದೆ.

ಬೇಲೂರು ನೋಡಿ ಬಂದ ಕನ್ನಡಿಗರಿಗೆ ಇಲ್ಲಿ ಮೊದಲು ಸಣ್ಣ ನಿರಾಸೆಯಾಗುತ್ತದೆ. ಮೂಗು ಸವೆದಿದೆ, ಬೆರಳು ಮುರಿದಿದೆ, ಆಭರಣದ ಎಳೆ ಎಣಿಸಲಾಗದು. ಆ ನಿರಾಸೆಯನ್ನು ಬರೆಯಬೇಕು. ಅದರ ಬೆನ್ನಿಗೇ ಕಲ್ಲಿನ ಮಾತನ್ನೂ ಹೇಳಬೇಕು. ಬೇಲೂರಿನದು ಬಳಪದ ಕಲ್ಲು, ಗಣಿಯಿಂದ ತೆಗೆದಾಗ ಮೆದು. ಉಳಿಗೆ ಸುಲಭವಾಗಿ ಮಣಿಯುತ್ತದೆ. ಅಂಬರನಾಥದ್ದು ಜ್ವಾಲಾಮುಖಿಯ ಲಾವಾ ಹೆಪ್ಪುಗಟ್ಟಿದ ಕರಿಗಲ್ಲು, ಅದರ ಮೇಲೆ ಸುಮಾರು ಒಂಬೈನೂರೈವತ್ತು ವರ್ಷಗಳ ಕೊಂಕಣದ ಮಳೆ. ಬಾಗಿಲ ತೊಲೆಯ ಮೇಲಿನ ಶಾಸನ ಶಕ 982 ಎನ್ನುತ್ತದೆ, ಅಂದರೆ 1060. ಬೇಲೂರಿನ 1117ಕ್ಕಿಂತ 57 ವರ್ಷ ಮೊದಲು. ಇಷ್ಟು ತಿಳಿದು ಮತ್ತೆ ಗೋಡೆಯ ಎದುರು ನಿಂತರೆ ಸವೆದ ಮೂಗಿನಲ್ಲಿ ಕೊರತೆ ಕಾಣುವುದಿಲ್ಲ. ಅಷ್ಟು ಗಡುಸಾದ ಕಲ್ಲಿನಲ್ಲಿ ಸೊಂಟದ ಬಳುಕು ತಂದ ಕೈಗೆ ಮನಸ್ಸು ಬಾಗುತ್ತದೆ.

ಒಳಗೆ ಹೋದರೆ ಇನ್ನೂ ದೊಡ್ಡ ಸೋಜಿಗ. ನಮ್ಮ ಕಡೆಯ ಗುಡಿಗಳಲ್ಲಿ ದೇವರ ಹತ್ತಿರ ಹೋಗುವುದೆಂದರೆ ಹೆಚ್ಚಾಗಿ ಮೇಲೆ ಹತ್ತುವುದು. ಇಲ್ಲಿ ಮಂಟಪದಿಂದ ಗರ್ಭಗುಡಿಗೆ ಮೆಟ್ಟಿಲಿಳಿದು ಹೋಗಬೇಕು. ಒಂದೊಂದು ಮೆಟ್ಟಿಲಿಗೂ ತಂಪು ಹೆಚ್ಚುತ್ತದೆ, ಒದ್ದೆ ಕಲ್ಲು, ಬಿಲ್ವಪತ್ರೆ ಸೇರಿದ ವಾಸನೆ ಮೇಲೇಳುತ್ತದೆ. ಕೆಳಗೆ ಲಿಂಗ, ತಲೆಯೆತ್ತಿದರೆ ಮೇಲಿನಿಂದ ಬೀಳುವ ಬೆಳಕು. ಇದನ್ನು ಯಾವ ಅಳತೆಯೂ ಹೇಳಲಾರದು, ಇಳಿದವರ ಕಾಲೇ ಹೇಳಬೇಕು.

ಕಟ್ಟಿಸಿದವರು ಠಾಣೆಯಿಂದ ಆಳಿದ ಉತ್ತರ ಕೊಂಕಣದ ಶಿಲಾಹಾರರು. ಶಾಸನದಲ್ಲಿರುವ ಹೆಸರು ಮಾಮ್ವಾಣಿ ರಾಜನದು. ಈ ಮನೆತನದ ಹಿಂದಿನವರು ರಾಷ್ಟ್ರಕೂಟರ ಸಾಮಂತರು. ಹತ್ತಿರದ ಕಾನ್ಹೇರಿ ಗುಹೆಗಳ ಶಾಸನಗಳಲ್ಲಿ ಅವರ ಹೆಸರಿನ ಜೊತೆ ಅಮೋಘವರ್ಷನ ಹೆಸರಿದೆ, ‘ಕವಿರಾಜಮಾರ್ಗ’ದ ಕಾಲದ ನಮ್ಮ ನೃಪತುಂಗನದೇ. ಶಿಲಾಹಾರರ ತಾಮ್ರಪಟಗಳಲ್ಲಿ ‘ಮಲಗಳಗಂಡ’, ‘ನನ್ನಿಸಮುದ್ರ’ ಎಂಬ ಕನ್ನಡ ಬಿರುದುಗಳಿವೆ. ಊರಿನವರು ಮಾತ್ರ ಪಾಂಡವರು ಒಂದೇ ರಾತ್ರಿಯಲ್ಲಿ ಕಟ್ಟಿದರೆನ್ನುತ್ತಾರೆ. ಶಾಸನವನ್ನು ಶಾಸನವೆಂದೂ ಕಥೆಯನ್ನು ಕಥೆಯೆಂದೂ ಬರೆದರೆ ಎರಡಕ್ಕೂ ಗೌರವ. ಶಾಸನದಿಂದ ಕಾಲ ತಿಳಿಯುತ್ತದೆ. ಇಂಥ ಕೆಲಸ ಮನುಷ್ಯರಿಂದ ಸಾಧ್ಯವೇ ಎಂದು ತಲೆಮಾರುಗಳು ಬೆರಗಾದದ್ದು ಆ ಕಥೆಯಿಂದ ತಿಳಿಯುತ್ತದೆ. ಮಹಾಶಿವರಾತ್ರಿಯಂದು ಇಲ್ಲಿ ಸೇರುವ ಜನಸಾಗರಕ್ಕೆ ಕಾರಣ ಹುಡುಕುವವರಿಗೆ ಎರಡೂ ಬೇಕು.

ಕನ್ನಡದಲ್ಲಿ ಹೀಗೆ ನೋಡುವುದನ್ನು ಕಲಿಸಿದ ಹಿರಿಯರಿದ್ದಾರೆ. ವಿ. ಸೀತಾರಾಮಯ್ಯನವರ ‘ಪಂಪಾಯಾತ್ರೆ’ ಹಂಪೆಯ ಕಲ್ಲುಗಳ ಚರಿತ್ರೆಯ ಜೊತೆಗೆ ಅವುಗಳ ನಡುವೆ ನಡೆದವರ ಮನಸ್ಸನ್ನೂ ಕೊಡುತ್ತದೆ. ಶಿಲ್ಪವನ್ನು ಹುಡುಕಿಕೊಂಡು ದೂರದೂರ ಅಲೆದ ಶಿವರಾಮ ಕಾರಂತರಿಗೆ ತಿಳಿವಳಿಕೆ ನೋಟವನ್ನು ಹರಿತಗೊಳಿಸುವ ಸಾಣೆಯಾಗಿತ್ತು.

ಡೊಂಬಿವಲಿಯಿಂದ ವಾಶಿಯವರೆಗೆ ಕನ್ನಡ ಸಂಘಗಳಿವೆ, ತಲೆಮಾರುಗಳಿಂದ ಇಲ್ಲೇ ಬದುಕಿದ ಮನೆಗಳಿವೆ. ಈ ಊರುಗಳ ಬಗ್ಗೆ ಕನ್ನಡದಲ್ಲಿ ಬರಬೇಕಾದ ಬರಹ ಅವರ ಕೈಯಿಂದಲೇ ಬರಬೇಕು. ನಾಡಿನಿಂದ ಬಂದ ನೆಂಟರನ್ನು ಅಂಬರನಾಥಕ್ಕೆ ಕರೆದೊಯ್ದಾಗ ಮೊದಲು ಸುಮ್ಮನೆ ನೋಡಲು ಬಿಡಿ. ಅವರ ಕಣ್ಣು ಎಲ್ಲಿ ನಿಲ್ಲುತ್ತದೆಯೋ, ಯಾವ ಪ್ರಶ್ನೆ ಬಾಯಿಗೆ ಬರುತ್ತದೆಯೋ, ಅಲ್ಲಿ ಇಸವಿ ಹೇಳಿ, ಹೆಸರು ಹೇಳಿ. ಬರೆಯುವಾಗಲೂ ಇದೇ ಕ್ರಮ ಸಾಕು.